ಸಿಗಾರಿನ ಸಂದೂಕ

ಮುಚ್ಚಳ ತೆರೆದ ಶಾಂತಲಿಂಗಪ್ಪನಿಗೆ ಮೊದಲು ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಸೊಲ್ಲಾಪುರದಲ್ಲಿ ಕಣ್ಣಿನ ಮೋತಿಬಿಂದು ತೆಗೆಸಿಕೊಂಡು ಬಂದವನು ಪಟ್ಟಿ ಬಿಚ್ಚಿಸಿಕೊಂಡದ್ದು ಅಂದೇ ಬೆಳಿಗ್ಗೆ. ದಪ್ಪ ಕನ್ನಡಕದಲ್ಲಿ ಬಾಗಿಲು, ಗೋಡೆ, ಹೆಂಡತಿಯ ಮುಖ ಎಲ್ಲವೂ ಒಂದು ಹೆಜ್ಜೆ ಮುಂದೆ ಬಂದು ನಿಂತಂತೆ ಕಾಣುತ್ತಿದ್ದವು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಇಲ್ಲ, ಕಣ್ಣಿನ ತಪ್ಪಲ್ಲ. ಸಂದೂಕದಲ್ಲಿ ಸಿಗಾರಿನ ಮೇಲಿನ ಸಾಲು ತೆಳ್ಳಗಾಗಿತ್ತು.

ಅಫಜಲಪುರದ ಬಜಾರಿನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದೇ ಮುದುಕನಾದ ಜೀವ ಅದು. ಗಿರಾಕಿಯ ಕೈ ಯಾವ ಥಾನಿನ ಕೆಳಗೆ ಹೋಯಿತು, ಹಮಾಲನ ಜೇಬು ಯಾಕೆ ಉಬ್ಬಿದೆ ಎಂದು ನೋಡಿ ನೋಡಿಯೇ ನಿಮ್ಮ ಕಣ್ಣಿಗೆ ಪೊರೆ ಬಂತು ಎಂದು ಹೆಂಡತಿ ಸುಭದ್ರಾಬಾಯಿ ಚೇಷ್ಟೆ ಮಾಡುತ್ತಿದ್ದಳು. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ನೋಡುವುದಕ್ಕೆ ಬೇರೇನೂ ಉಳಿಯದೆ ಶಾಂತಲಿಂಗಪ್ಪ ಈ ಸಂದೂಕವನ್ನು ನೋಡಿಕೊಂಡಿದ್ದ.

ಸಂದೂಕ ಹೈದರಾಬಾದಿನ ಯಾವುದೋ ನವಾಬರ ದೇವಡಿಯ ಹರಾಜಿನಿಂದ ಬಂದದ್ದು. ಒಳಗೆಲ್ಲ ಘಮಘಮಿಸುವ ಕಟ್ಟಿಗೆಯ ಹಲಗೆ, ಮುಚ್ಚಳದ ಒಳಮೈಗೆ ತೂತು ತೂತಿನ ಹಿತ್ತಾಳೆಯ ಡಬ್ಬಿ, ಡಬ್ಬಿಯಲ್ಲಿ ಒಂದು ತುಂಡು ಸ್ಪಂಜು. ಆ ಸ್ಪಂಜು ಸದಾ ತೇವವಾಗಿರಬೇಕು, ಆದರೆ ಹನಿ ಬೀಳಬಾರದು. ನೀರು ಹೆಚ್ಚಾದರೆ ಸಿಗಾರು ಉಬ್ಬಿ ಕೊಳೆಯುತ್ತದೆ, ಕಡಿಮೆಯಾದರೆ ಒಣಗಿ ಸೀಳುತ್ತದೆ. ಬೇಸಿಗೆಯಲ್ಲಿ ಹಂಚು ಕಾಯುವಂಥ ಊರಿನಲ್ಲಿ ಇದೊಂದು ಕೂಸು ಸಾಕುವ ಕೆಲಸವೇ ಸರಿ. ಅದಕ್ಕೇ ಒಳಕೋಣೆಯ ಕತ್ತಲಲ್ಲಿ, ಫರಸಿಯ ಮೇಲೆ, ನೀರಿನ ಹರವಿಯ ಪಕ್ಕದಲ್ಲಿ ಅದರ ವಾಸ.

ಸಿಗಾರು ಬರುತ್ತಿದ್ದುದು ಗೆಳೆಯ ಲಾಡ್ಲೆಸಾಬನ ಕಡೆಯಿಂದ. ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಅವನದು. ಕುವೈತಿನಲ್ಲಿರುವ ಅವನ ಅಳಿಯ ಗೌಸಮೊಹಿದ್ದೀನ ವರ್ಷಕ್ಕೊಮ್ಮೆ ಬರುವಾಗ ಮಾವನಿಗೆಂದು ಕಟ್ಟು ತರುತ್ತಿದ್ದ. ಲಾಡ್ಲೆಸಾಬ ಅದನ್ನು ನೇರ ಇಲ್ಲಿಗೆ ತಂದು ಇಡುತ್ತಿದ್ದ. ತನ್ನ ಮನೆಯಲ್ಲಿ ಇಟ್ಟರೆ ಮೊಮ್ಮಕ್ಕಳು ಪೀಪಿ ಊದಿ ಮುಗಿಸುತ್ತಾರೆ ಎನ್ನುತ್ತಿದ್ದ. ಊರ ಬಾವಿಯ ಸವಳು ನೀರು ಸ್ಪಂಜಿಗೆ ಆಗುವುದಿಲ್ಲವೆಂದು ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಬಾಟ್ಲಿಯಲ್ಲಿ ತರುವವನೂ ಅವನೇ. ನಿಜಾಮನ ಕಾಲದ ಮದರಸಾದಲ್ಲಿ ಒಂದೇ ಮಣೆಯ ಮೇಲೆ ಕೂತು ಅಲೀಫ್ ಬೇ ತಿದ್ದಿದ ಇಬ್ಬರೂ, ಮನೆಯಲ್ಲಿ ಏನಾದರೂ ಒಳ್ಳೆಯದಾದ ದಿನ, ಹಿತ್ತಲ ಬೇವಿನ ಕೆಳಗೆ ಒಂದೊಂದು ಹಚ್ಚಿಕೊಂಡು ಕೂಡುತ್ತಿದ್ದರು. ಆಮೇಲೆ ಶಾಂತಲಿಂಗಪ್ಪ ಸ್ನಾನ ಮಾಡದೆ ಲಿಂಗ ಮುಟ್ಟುತ್ತಿರಲಿಲ್ಲ.

ಕಣ್ಣಿಗೆ ಪಟ್ಟಿ ಇದ್ದಷ್ಟು ದಿನ ಸಂದೂಕದ ಯೋಗಕ್ಷೇಮ ಲಾಡ್ಲೆಸಾಬನ ಕೈಯಲ್ಲಿತ್ತು. ಬಂದು, ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ಸ್ಪಂಜು ಒದ್ದೆ ಮಾಡಿ, ಕೈಯನ್ನು ಮತ್ತೆ ಮೊಳೆಗೆ ಹಾಕಿ ಹೋಗುತ್ತಿದ್ದ. ಅವನನ್ನು ಬಿಟ್ಟರೆ ಆ ಮೊಳೆಯ ಹತ್ತಿರ ಸುಳಿಯುವವರು ಯಾರಿದ್ದಾರೆ? ಮಗನಿಗೆ ಹೊಗೆಯೆಂದರೆ ಕೆಮ್ಮು. ಸುಭದ್ರಾಬಾಯಿ "ಆ ಹಾಳ ವಾಸನಿ" ಎಂದು ಮೂಗು ಮುಚ್ಚಿಕೊಳ್ಳುವವಳು.

ಇನ್ನೊಂದು ಮಾತು ಶಾಂತಲಿಂಗಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಹೋದದ್ದು ಯಾವುದೋ ಸಿಗಾರಲ್ಲ. ಹಳೆಯದಾಗಿ, ಮೈಮೇಲೆ ತೆಳ್ಳಗೆ ಬಿಳಿ ಪುಡಿ ಕಟ್ಟಿದವೇ ಹೋಗಿದ್ದವು. ಅದು ಒಳಗಿನ ಎಣ್ಣೆ ಹೊರಗೆ ಬಂದದ್ದು, ಅಂಥವೇ ಎಲ್ಲಕ್ಕಿಂತ ಮೇಲು ಎಂದು ಗೌಸಮೊಹಿದ್ದೀನ ಹೇಳಿಕೊಟ್ಟಿದ್ದ. ಹೇಳುವಾಗ ಅಲ್ಲಿದ್ದವರು ಇವರಿಬ್ಬರೇ. ಕಳ್ಳನಿಗೆ ಬೆಲೆ ಗೊತ್ತಿತ್ತು. ತನ್ನನ್ನು ಬಿಟ್ಟರೆ ಬೆಲೆ ಗೊತ್ತಿದ್ದವನು ಊರಿನಲ್ಲಿ ಒಬ್ಬನೇ.

"ಲಾಡ್ಲ್ಯಾ ಬಂದಾಗ ಭಾಳ ಹೊತ್ತು ಒಳಗ ಇರ್ತಿದ್ನೇನ ಬೇ?" ಎಂದು ಹೆಂಡತಿಯನ್ನು ಕೇಳಿದ.

"ನಾ ಏನ್ ಗಡಿಯಾರ ಹಿಡಕೊಂಡು ಕುಂತಿದ್ನೇನ್ರಿ? ಬರ್ತಿದ್ರು, ಹೋಗ್ತಿದ್ರು. ಯಾಕ?"

"ಏನಿಲ್ಲ."

ಮರುದಿನ ಬಜಾರಿಗೆ ಹೋಗಿ ಹೊಸ ಬೀಗ ತಂದು ಸಂದೂಕಕ್ಕೆ ಹಾಕಿದ. ಅದರ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಹಳೆಯ ಕೈ ಮೊಳೆಯಲ್ಲೇ ಇರಲಿ ಎಂದು ಬಿಟ್ಟ. ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿರಲಿಲ್ಲ, ಸುಮ್ಮನಿರುವ ದೊಡ್ಡತನವೂ ಇರಲಿಲ್ಲ.

ಲಾಡ್ಲೆಸಾಬ ಎಂದಿನಂತೆ ಬಂದ. "ಏನ್ಲೇ ಶಾಂತ್ಯಾ, ಹೊಸಾ ಕಣ್ಣಾಗ ನಾ ಹ್ಯಾಂಗ ಕಾಣಾಕತ್ತೇನಿ? ಇನ್ನೂ ಜವಾನ ಅದೀನಿಲ್ಲ?" ಎಂದು ನಗುತ್ತ ಬಾಟ್ಲಿ ಹಿಡಿದು ಒಳಕೋಣೆಗೆ ನಡೆದ. ಶಾಂತಲಿಂಗಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ಕಿವಿಯನ್ನು ಅತ್ತಲೇ ಇಟ್ಟಿದ್ದ. ಬೀಗದ ಕೈ ತಿರುಗಿಸುವ ಸಪ್ಪಳ ಕೇಳಿತು. ಮತ್ತೊಮ್ಮೆ ಕೇಳಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಕೀಲಿ ಬದಲ ಮಾಡೀದೇನು?" ಬಾಗಿಲಲ್ಲಿ ನಿಂತು ಲಾಡ್ಲೆಸಾಬ ಕೇಳಿದ.

"ಹೂಂ. ಹಳೇದು ಸಡಲಾಗಿತ್ತು."

ಲಾಡ್ಲೆಸಾಬ ಅಂಗೈಯಲ್ಲಿದ್ದ ಹಳೆಯ ಬೀಗದ ಕೈಯನ್ನು ನೋಡಿದ, ಗೆಳೆಯನ ಮುಖ ನೋಡಿದ. ಹೊಸ ಕೈ ಎಲ್ಲಿ ಎಂದು ಕೇಳುತ್ತಾನೆ, ಆಗ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ಶಾಂತಲಿಂಗಪ್ಪ ಜೋಡಿಸಿಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು. ಅವನು ಕೇಳಲೇ ಇಲ್ಲ. ಬೀಗದ ಕೈಯನ್ನು ಮೊಳೆಗೆ ಹಾಕಿ, ಬಾಟ್ಲಿಯನ್ನು ಕಂಬದ ಬುಡದಲ್ಲಿಟ್ಟು, ಚಹಾ ತಂದ ಸುಭದ್ರಾಬಾಯಿಗೆ "ಇವತ್ತ ಬ್ಯಾಡ್ರಿ ವೈನಿ, ಗಿರಾಕಿ ಕಾಯಾಕತ್ತಾರ" ಎಂದು ಚಪ್ಪಲಿ ಮೆಟ್ಟಿದ.

ತಪ್ಪಿಲ್ಲದವನಾದರೆ ಜಗಳ ಆಡುತ್ತಿದ್ದ ಎಂದು ಶಾಂತಲಿಂಗಪ್ಪ ತನಗೆ ತಾನೇ ಹೇಳಿಕೊಂಡ. ದಿನಕ್ಕೆ ಹತ್ತು ಸಲ ಹೇಳಿಕೊಂಡ. ಲಾಡ್ಲೆಸಾಬ ಮತ್ತೆ ಆ ಕಡೆ ಬರಲಿಲ್ಲ. ಬಜಾರಿನಲ್ಲಿ ಎದುರಾದರೆ ಸಲಾಮು ಮಾಡಿ ದಾಟಿ ಹೋಗುತ್ತಿದ್ದ. ಬಾಟ್ಲಿಯ ನೀರು ಮುಗಿದ ಮೇಲೆ ಶಾಂತಲಿಂಗಪ್ಪ ಬಾವಿಯ ನೀರನ್ನೇ ಕಾಯಿಸಿ, ಸೋಸಿ ಸ್ಪಂಜಿಗೆ ಹಾಕತೊಡಗಿದ. ಸೊಸೆ ಹೆತ್ತ ಸುದ್ದಿ ಬಂದ ದಿನ ಒಂದು ಸಿಗಾರು ತೆಗೆದು ಬೇವಿನ ಕೆಳಗೆ ಒಬ್ಬನೇ ಕೂತ. ಹಚ್ಚಬೇಕೆನಿಸಲಿಲ್ಲ. ಅದನ್ನು ಹೊರಳಿಸಿ ಹೊರಳಿಸಿ ನೋಡಿ ಮತ್ತೆ ತಂದು ಒಳಗಿಟ್ಟ.

ಬೀಗ ಹಾಕುವಾಗ ಸುಭದ್ರಾಬಾಯಿ ಹರವಿಯಿಂದ ನೀರು ತುಂಬಿಕೊಳ್ಳಲು ಬಂದಳು.

"ಆ ಕೀಲಿಕೈ ಜರಾ ನನ್ನ ಕೈಯಾಗ ಕೊಡ್ರಿ. ಭಾಳ ದಿನ ಆತು, ಮತ್ತ ಬೂಸ ಹಿಡದಿರ್ತಾವ. ಆರಿಸಿ ತಗೀತೇನಿ."

"ಏನ್ ಆರಸ್ತಿ?"

"ಬಿಳೀ ಬೂಸ ಬಂದಿದ್ದವು. ನೀವು ಕಣ್ಣ ಕಟಗೊಂಡು ಮಲಗಿದಾಗ ಕಸಾ ಹೊಡೀಲಿಕ್ಕಂತ ಬಂದಿದ್ದೆ, ವಾಸನಿ ಬಡೀತು, ತಗದು ನೋಡಿದೆ. ಉಪ್ಪಿನಕಾಯಾಗ ಒಂದು ಹೋಳ ಕೆಟ್ರ ಭರಣಿನs ಕೆಡ್ತದ. ಅದಕ್ಕ ಬೂಸ ಹಿಡದವು ಅಷ್ಟೂ ತಗದೆ. ಉಳದವಾದ್ರೂ ನಿಮಗ ಉಳೀಲಿ ಅಂತ."

ಶಾಂತಲಿಂಗಪ್ಪ ಬೀಗ ಬಿಟ್ಟು ಅವಳ ಕಡೆ ತಿರುಗಿದ. "ನನಗ್ಯಾಕ ಹೇಳ್ಲಿಲ್ಲ?"

"ನಗಬಾರ್ದು, ಕೆಮ್ಮಬಾರ್ದು, ಸಿಟ್ಟಿಗೇಳಬಾರ್ದು ಅಂದಿದ್ರಲ್ಲ ಡಾಕ್ಟರು! ಬೂಸ ಬಂದದ ಅಂದ್ರ ನೀವು ಹಾಸಿಗ್ಯಾಗ ನಿಲ್ಲೂ ಮಂದಿಯೇನು? ಆಮ್ಯಾಲ ಮರತೆ."

"ತಗದದ್ದು ಎಲ್ಲಿ ಅದಾವ?"

ಸುಭದ್ರಾಬಾಯಿ ಸ್ವಲ್ಪ ನಾಚಿದಳು. "ತುಟ್ಟಿ ಸಾಮಾನು, ತಿಪ್ಪಿಗಿ ಹ್ಯಾಂಗ ಒಗೀಲಿ? ಒರಸಿ, ಹಂಚಿನ ಮ್ಯಾಲ ಹುರದು ಪುಡಿ ಮಾಡಿ ಹಲ್ಲು ತಿಕ್ಕೂ ಮಿಸ್ರಿ ಮಾಡಕೊಂಡೆ. ಹಲ್ಲಿಗಿ ಭಾಳ ಚಲೋ ಆತ್ರಿ."

ನಕ್ಕಾಗ ಅವಳ ಹಲ್ಲಿನ ಸಂದಿಗಳು ಕಪ್ಪಗಿದ್ದವು. ಆಪರೇಶನ್ನಾದ ಕಣ್ಣಿಗೆ ಅದು ಬಹಳ ಸ್ಪಷ್ಟವಾಗಿ ಕಂಡಿತು. ಅವಳ ಮೇಲೆ ಸಿಟ್ಟು ಮಾಡಬೇಕೆಂದು ನೋಡಿದ, ಬರಲಿಲ್ಲ. ನಾಚಿಕೆ ಮಾತ್ರ ಬಂತು, ಉಟ್ಟ ಧೋತರ ಬಜಾರಿನಲ್ಲಿ ಬಿಚ್ಚಿಹೋದಷ್ಟು ನಾಚಿಕೆ.

ಸಂಜೆಯಾಗುವುದರೊಳಗೆ ಬಸ್ ಸ್ಟ್ಯಾಂಡಿಗೆ ನಡೆದ. ಲಾಡ್ಲೆಸಾಬ ಯಾವುದೋ ಜೀಪಿನ ಬ್ಯಾಟರಿಗೆ ವಾಯರು ಸಿಕ್ಕಿಸುತ್ತಿದ್ದ. ಗೆಳೆಯನನ್ನು ಕಂಡವನೇ ಗಿರಾಕಿಗಳ ಕುರ್ಚಿಯನ್ನು ಅರಿವೆಯಿಂದ ಒರೆಸಿ ಮುಂದಿಟ್ಟ. ಶಾಂತಲಿಂಗಪ್ಪ ಆ ಅಂಗಡಿಯಲ್ಲಿ ಯಾವತ್ತೂ ಕುರ್ಚಿಯ ಮೇಲೆ ಕೂತವನಲ್ಲ. ಗಲ್ಲಾದ ಪಕ್ಕದ ಚಾಪೆಯೇ ಅವನ ಜಾಗವಾಗಿತ್ತು.

"ಬರ್ರಿ, ಕೂಡ್ರಿ. ಚಹಾ ಹೇಳ್ತೇನಿ."

"ಚಹಾ ಬ್ಯಾಡ. ಲಾಡ್ಲ್ಯಾ, ನನ್ನಿಂದ ತಪ್ಪಾತು." ಕೂತು, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದ. ಬೂಸು, ಉಪ್ಪಿನಕಾಯಿ, ಮಿಸ್ರಿ ಒಂದನ್ನೂ ಬಿಡಲಿಲ್ಲ.

ಮಿಸ್ರಿಯ ಮಾತಿಗೆ ಲಾಡ್ಲೆಸಾಬನ ಮೀಸೆ ಒಂದಿಷ್ಟು ಅಲುಗಿತು. ಆದರೆ ನಗು ಪೂರ್ತಿ ಆಗಲಿಲ್ಲ.

"ಕಡಿಮಿ ಆಗಿದ್ದು ನನಗೂ ಕಂಡಿತ್ತು. ನೀನs ಕದ್ದು ಸೇದಾಕತ್ತೀದಿ ಅಂತ ತಿಳದಿದ್ದೆ. ಇರ್ಲಿ, ಖುಷಿ ಪಡ್ಲಿ ಅಂತ ಸುಮ್ಮನಾದೆ."

"ನನಗ ಹಂಗ ಸುಮ್ಮನಾಗಾಕ ಆಗ್ಲಿಲ್ಲಲ್ಲೋ."

"ಹೌದು," ಎಂದ ಲಾಡ್ಲೆಸಾಬ, "ಆಗ್ಲಿಲ್ಲ."

ಅಷ್ಟರಲ್ಲಿ ಮಸೀದಿಯಿಂದ ಅಸರ್ ನಮಾಜಿನ ಅಜಾನ್ ಕೇಳಿತು. ಲಾಡ್ಲೆಸಾಬ ಕೈ ತೊಳೆದು ಟೊಪ್ಪಿಗೆ ಇಟ್ಟುಕೊಂಡ. ಗಲ್ಲಾದ ಖಾನೆಯನ್ನು ಎಳೆದು ಚಿಲ್ಲರೆ ತೆಗೆದು, ಮಧ್ಯಾಹ್ನದ ಚಹಾದ ಲೋಟ ಒಯ್ಯಲು ಬಂದ ಹುಡುಗನ ಕೈಗೆ ಹಾಕಿದ.

"ನಮಾಜ್ ಮಾಡಿ ಬರ್ತೇನಿ. ಅಂಗಡಿ ನೋಡ್ಕೋರಿ," ಎಂದು ಖಾನೆಯನ್ನು ಹಾಗೇ ತೆರೆದಿಟ್ಟು ಇಳಿದು ಹೋದ.

ಶಾಂತಲಿಂಗಪ್ಪನಿಗೆ ಖಾನೆಯಲ್ಲಿನ ದುಡ್ಡು ಕೂತಲ್ಲಿಂದಲೇ ಕಾಣುತ್ತಿತ್ತು. ಮರೆತು ಹೋದನೋ, ಬೇಕೆಂದೇ ಬಿಟ್ಟನೋ ತಿಳಿಯಲಿಲ್ಲ. ಖಾನೆ ಮುಚ್ಚೋಣವೆಂದು ಕೈ ಚಾಚಿದವನು ಅರ್ಧಕ್ಕೇ ಹಿಂದೆ ತೆಗೆದ. ಮುಚ್ಚುವಾಗ ಯಾರಾದರೂ ಕಂಡರೆ ಏನೆಂದುಕೊಂಡಾರು? ಬಂದ ಮೇಲೆ ಅವನು ಖಾನೆಯ ಕಡೆ ನೋಡುತ್ತಾನೋ, ತನ್ನ ಕಡೆ ನೋಡುತ್ತಾನೋ? ಎದ್ದು ಕುರ್ಚಿಯನ್ನು ಗಲ್ಲಾದಿಂದ ದೂರಕ್ಕೆ, ಹೊಸ್ತಿಲವರೆಗೆ ಎಳೆದುಕೊಂಡ. ಘತ್ತರಗಿಯ ಬಸ್ಸು ಬಂದು ನಿಂತು ಮಂದಿ ಇಳಿದು ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದರು. ಶಾಂತಲಿಂಗಪ್ಪ ಎರಡೂ ಕೈಗಳನ್ನು ಮೊಣಕಾಲ ಮೇಲೆ, ಹೋಗಿ ಬರುವ ಎಲ್ಲರಿಗೂ ಕಾಣುವಂತೆ, ಅಂಗೈ ಮೇಲೆ ಮಾಡಿ ಇಟ್ಟುಕೊಂಡು ಕೂತ.