ಈ ಒಂದು ಮ್ಯಾಚಿಗೆ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಭಾರ್ಗವಿಯ ಕೈಯಿಂದ ಒಂದು ಸ್ಟೀಲ್ ತಟ್ಟೆ ಜಾರಿ ಬಿತ್ತು. ಅಡುಗೆಮನೆಯ ನೆಲದ ಮೇಲೆ ಗಿರಗಿರನೆ ಸುತ್ತಿ, ಮಾಡುವಷ್ಟು ಸದ್ದು ಮಾಡಿ ಮಲಗಿತು. ಅವಳು ಬೆಚ್ಚಿ ನಡುಮನೆಯ ಕಡೆ ತಿರುಗಿದಳು. ಅಲ್ಲಿ ಗೋಡೆಯ ಮೊಳೆಗೆ ನೇತುಬಿದ್ದ ನಾನೊಂದೇ ಇದ್ದೆ.

ನಾನು ಒಂದು ದುರ್ಬೀನು. ನಾನಿದ್ದ ಆ ಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಸದ್ದಾದರೆ ಅದರ ಮೇಲೆ ದನಿ ಎತ್ತಿ ಮಾತಾಡಬೇಕು, ಮಾತಾಡಿದರೆ ಯಜಮಾನನ ಗಂಟಲು ಸವೆಯುತ್ತದೆ. ಆ ಗಂಟಲು ಮನೆಗೆ ಸೇರಿದ್ದಲ್ಲ, ಊರಿಗೆ ಸೇರಿದ್ದು. ಮೈಸೂರು ಸೀಮೆಯಲ್ಲಿ ರೇಡಿಯೋ ಇಟ್ಟವರಿಗೆಲ್ಲ ಅದರ ಮೇಲೆ ಹಕ್ಕಿತ್ತು.

ಭಾರ್ಗವಿ ತಟ್ಟೆಯನ್ನು ಎತ್ತಿಕೊಳ್ಳಲಿಲ್ಲ. ನೇರ ಬಂದು ನನ್ನನ್ನು ಮೊಳೆಯಿಂದ ಇಳಿಸಿದಳು. ಸೆರಗಿನ ಚುಂಗಿನಿಂದ ನನ್ನ ಬಲಗಣ್ಣು ಒರೆಸಿದಳು. ಎಡಗಣ್ಣನ್ನು ಒರೆಸಲಿಲ್ಲ. ಅದು ಒಡೆದಿತ್ತು.

ನಾನು ಹುಟ್ಟಿದ್ದು ಉತ್ತರದಲ್ಲಿ, ಬೆಟ್ಟದ ತಪ್ಪಲಿನ ಒಂದು ಕಾರ್ಖಾನೆಯಲ್ಲಿ. ಗಾಜನ್ನು ವಾರಗಟ್ಟಲೆ ತಿಕ್ಕಿ, ಹಿತ್ತಾಳೆಯ ಕೊಳವೆಯಲ್ಲಿ ಕೂರಿಸಿ, ಕಪ್ಪು ಬಳಿದು, ಚರ್ಮದ ಪಟ್ಟಿ ಕಟ್ಟಿ ನನ್ನನ್ನು ಹೊರಗೆ ಕಳಿಸಿದರು. ದೂರದ್ದನ್ನು ಹತ್ತಿರ ತೋರಿಸುವುದು ನನಗೆ ಕಲಿಸಿದ ವಿದ್ಯೆ. ಹತ್ತಿರದ್ದನ್ನು ನೋಡುವ ವಿದ್ಯೆಯನ್ನು ಯಾರೂ ಕಲಿಸಲಿಲ್ಲ.

ಮೊದಲು ನನ್ನನ್ನು ಕೊರಳಿಗೆ ಹಾಕಿಕೊಂಡವನು ಕೊಡಗಿನ ಸುಬೇದಾರ್ ಮಾಚಯ್ಯ. ಗಡಿಯ ಚಳಿಯಲ್ಲಿ ನಾವಿಬ್ಬರೂ ಆಚೆ ಕಡೆಯ ಕಾವಲಿನವನನ್ನು ನೋಡುತ್ತಿದ್ದೆವು. ಅವನು ದಿನಾ ಬೆಳಿಗ್ಗೆ ಬಂಡೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ದಿನ ಬರಲಿಲ್ಲ. ಆ ದಿನ ಮಾಚಯ್ಯನಿಗೆ ಊಟ ಸೇರಲಿಲ್ಲ. ನಿವೃತ್ತನಾದಾಗ ಹಳೆಯ ಸಾಮಾನಿನ ಹರಾಜಿನಲ್ಲಿ ನನ್ನನ್ನೇ ಹುಡುಕಿ ಕೊಂಡ.

ಮೈಸೂರಿನ ಇಟ್ಟಿಗೆಗೂಡಿನಲ್ಲಿ ಅವನಿಗೊಂದು ಮಹಡಿ ಮನೆ. ಕಿಟಕಿ ತೆರೆದರೆ ರೇಸ್‌ಕೋರ್ಸು. ಜೂಜಿನ ಹುಚ್ಚು ಅವನಿಗಿರಲಿಲ್ಲ. ಬೆಳಗಿನ ಮಂಜಿನಲ್ಲಿ ಕುದುರೆಗಳು ಓಡುವುದನ್ನು ನೋಡುವ ಹುಚ್ಚು ಮಾತ್ರ ಇತ್ತು.

"ಕುದುರೆ ನೋಡಿದ್ದು ಸಾಕು. ಹೆಂಡತಿ ಕಡೆಗೂ ಒಂದ್ಸಲ ತಿರುಗಿಸಿ" ಎನ್ನುತ್ತಿದ್ದಳು ಅವನ ಹೆಂಡತಿ ಮುದ್ದವ್ವ.

ಅವನು ನನ್ನನ್ನು ತಲೆಕೆಳಗು ಮಾಡಿ, ದೊಡ್ಡ ಗಾಜಿಗೆ ಕಣ್ಣಿಟ್ಟು ನೋಡುತ್ತಿದ್ದ. "ಅಯ್ಯೋ, ಹೆಬ್ಬೆರಳಷ್ಟಿದ್ದೀಯಲ್ಲೇ. ಬೈದರೂ ಕೇಳಿಸಲ್ಲ, ಪಾಪ."

ನಾನು ಕಂಡ ಸುಖವೆಲ್ಲ ಆ ಕಿಟಕಿಯದು.

ಮಾಚಯ್ಯ ಒಂದು ಭಾನುವಾರ ನನ್ನನ್ನು ಮೈದಾನಕ್ಕೆ ಕೊಂಡೊಯ್ದ. ಅಲ್ಲಿ ಬಡಾವಣೆಯ ಹುಡುಗರ ಕ್ರಿಕೆಟ್ ಪಂದ್ಯ. ಶಾಮಿಯಾನದ ಕೆಳಗೆ ಮೈಕು ಹಿಡಿದಿದ್ದವನು ನಂಜನಗೂಡಿನ ಶ್ರೀಕಂಠ. ದನಿ ಚೆನ್ನಾಗಿತ್ತು, ಆದರೆ ಬ್ಯಾಟಿಗೆ ಚೆಂಡು ತಾಗಿದ ಸದ್ದು ಕೇಳಿ, ಜನರ ಕೂಗು ಕೇಳಿ, ಆಮೇಲೆ ಏನಾಯಿತೆಂದು ಹೇಳುತ್ತಿದ್ದ. ಊಟದ ಬಿಡುವಿನಲ್ಲಿ ಮಾಚಯ್ಯನ ಬಳಿ ಬಂದು ನಿಂತ.

"ಸುಬೇದಾರ್ರೇ, ಈ ಒಂದು ಮ್ಯಾಚಿಗೆ ಕೊಡ್ತೀರಾ?"

ಅವನು ನನಗೆ ಕಣ್ಣಿಟ್ಟ ಕ್ಷಣವೇ ನನಗೆ ತಿಳಿಯಿತು. ನನ್ನ ನಡುವಿನ ಚಕ್ರವನ್ನು ಕೊನೆಯ ತನಕ ತಿರುಗಿಸಿದ. ಅಷ್ಟು ತಿರುಗಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಅವನಿಗೆ ಮೂವತ್ತು ಗಜದ ಆಚೆ ಎಲ್ಲವೂ ಹೊಗೆ. ಕನ್ನಡಕ ಹಾಕಿದರೆ ಜನರಿಗೆ ಗೊತ್ತಾಗುತ್ತದೆ. ದುರ್ಬೀನು ಹಿಡಿದರೆ ಗತ್ತು.

ಮುಂದಿನ ವರ್ಷ ರೇಡಿಯೋ ಕೇಂದ್ರದವರು ಅವನನ್ನು ಕರೆದರು. ಕನ್ನಡದಲ್ಲಿ ವೀಕ್ಷಕ ವಿವರಣೆ ಹೇಳಲು ಒಪ್ಪಿದ್ದವರು ಕಾಯಿಲೆ ಬಿದ್ದಿದ್ದರು. ಆ ಪಂದ್ಯಕ್ಕೂ ನಾನು ಬೇಕಾಯಿತು. ಅದರ ಮುಂದಿನದ್ದಕ್ಕೂ.

ಅವನು ಹೇಗೆ ಹೇಳುತ್ತಿದ್ದನೆಂದು ಹೇಳಲೇಬೇಕು. ಇಲ್ಲದಿದ್ದರೆ ಜನ ಅವನಿಗಾಗಿ ಯಾಕೆ ಅತ್ತರೆಂದು ತಿಳಿಯುವುದಿಲ್ಲ. "ಸ್ಲಿಪ್ಪಿನಲ್ಲಿ ಮೂವರು ಬಾಗಿ ನಿಂತಿದ್ದಾರೆ ಕೇಳುಗರೇ, ಮದುವೆ ಮನೆಯಲ್ಲಿ ಉಣ್ಣುವವರ ಬೆನ್ನ ಹಿಂದೆ ಎರಡನೇ ಪಂಕ್ತಿಗೆ ಕಾದವರ ಹಾಗೆ" ಎನ್ನುತ್ತಿದ್ದ. ನಿಧಾನದ ಬೌಲರ್ ಬಂದರೆ "ಇವರು ಚೆಂಡನ್ನು ಎಸೆಯುವುದಿಲ್ಲ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಕಳಿಸುತ್ತಾರೆ" ಎನ್ನುತ್ತಿದ್ದ. ಕ್ಷೌರದಂಗಡಿಯಲ್ಲಿ ಕತ್ತಿ ಗಲ್ಲದ ಮೇಲೆ ನಿಲ್ಲುತ್ತಿತ್ತು. ಕ್ರಿಕೆಟ್ ಎಂದರೇನೆಂದು ತಿಳಿಯದ ಅಜ್ಜಿಯರು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ, ಅವನು ಯಾರನ್ನೂ 'ಔಟಾದರು' ಎಂದು ಹೇಳಿ ಬಿಟ್ಟುಬಿಡುತ್ತಿರಲಿಲ್ಲ. ನಮ್ಮಲ್ಲಿ ಹೊರಟವರು 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು. ಅದನ್ನು ಅವನು ಮೈದಾನಕ್ಕೆ ತಂದ. ಬ್ಯಾಟು ಕಂಕುಳಲ್ಲಿಟ್ಟು ತಲೆ ತಗ್ಗಿಸಿ ನಡೆಯುವ ಆಟಗಾರನನ್ನು ನನ್ನ ಮೂಲಕ ಮೆಟ್ಟಿಲ ತನಕ ಹಿಂಬಾಲಿಸಿ, ದನಿ ಇಳಿಸಿ, "ಹೋಗಿ ಬನ್ನಿ" ಎನ್ನುತ್ತಿದ್ದ. ಸೊನ್ನೆಗೆ ಔಟಾದವನಿಗೂ ಅದೇ ಮಾತು, ಎದುರಾಳಿಗೂ ಅದೇ. ಆ ಎರಡು ಮಾತಿಗಾಗಿ ಜನ ಅವನನ್ನು ಮನೆಯ ಮಗನಂತೆ ಕಂಡರು.

ಮನೆಯಲ್ಲಿ ಮಾತ್ರ ಅವನು ಮೌನಿ. ಪಂದ್ಯದ ಹಿಂದಿನ ದಿನದಿಂದ ತುಟಿ ಬಿಚ್ಚುವಂತಿಲ್ಲ. ಎಲ್ಲವೂ ಅಂಪೈರಿನ ಸನ್ನೆ. ಅನ್ನ ಸಾಕೆಂದರೆ ಎರಡು ಕೈ ಅಡ್ಡ ಚಾಚುವುದು, ಸಾರು ಚೆನ್ನಾಗಿದ್ದರೆ ಎರಡು ಕೈ ಮೇಲೆತ್ತುವುದು. ಹೊರಗೆ ಹೊರಟೆ ಎನ್ನಲು, ಔಟ್ ಕೊಡುವಂತೆ, ಮೇಲೆತ್ತಿದ ಒಂದು ಬೆರಳು. ಮದುವೆಯಾದ ಹೊಸದರಲ್ಲಿ ಆ ಬೆರಳು ನೋಡಿ ಭಾರ್ಗವಿ, "ಒಂದಕ್ಕಾ? ಬಚ್ಚಲು ನಿಮಗೆ ಗೊತ್ತಿಲ್ವಾ?" ಎಂದು ಹಿತ್ತಲು ತೋರಿಸಿದ್ದಳು. ಅವನು ನಕ್ಕು ನಕ್ಕು, ಮರುದಿನ ರೇಡಿಯೋದಲ್ಲಿ ಅವನ ದನಿ ಒಡೆದು ಬಂತು. ಆಮೇಲೆ ನಗುವುದನ್ನೂ ಕಡಿಮೆ ಮಾಡಿದ. ಅವಳು ಇತಿಹಾಸದಲ್ಲಿ ಎಂ.ಎ. ಮಾಡಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಕೆಲಸವೆಂದರೆ ಬಂದವರಿಗೆ ಅವನ ಕೈ ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳುವುದು. ರೇಡಿಯೋದಲ್ಲಿ ಅವನು ಆಟಕ್ಕೆ ವಿವರಣೆಕಾರ. ಮನೆಯಲ್ಲಿ ಅವಳು ಅವನಿಗೆ.

ಒಂದು ಸಂಜೆ ಮುದ್ದವ್ವ ಗೇಟಿನ ಬಳಿ ಬಂದಳು. ಮರುದಿನ ರಣಜಿ ಪಂದ್ಯ ಶುರು.

"ಶ್ರೀಕಂಠಪ್ಪ, ನಮ್ಮವರು ಹಾಸಿಗೆ ಹಿಡಿದಿದ್ದಾರೆ. ಕಿಟಕಿ ಪಕ್ಕ ಮಂಚ ಹಾಕಿಸಿದ್ದೀನಿ. ಕುದುರೆ ನೋಡ್ಬೇಕು ಅಂತಾರೆ. ಅವರ ದುರ್ಬೀನು ಕೊಟ್ಟುಬಿಡಪ್ಪ."

ಶ್ರೀಕಂಠ ಕೈಮುಗಿದ. ಆಮೇಲೆ ಒಂದು ಬೆರಳು ಎತ್ತಿದ.

ಮುದ್ದವ್ವ ಭಾರ್ಗವಿಯ ಮುಖ ನೋಡಿದಳು. "ಏನಂತೆ?"

"ಈ ಒಂದು ಮ್ಯಾಚಂತೆ" ಎಂದಳು ಭಾರ್ಗವಿ. ಮುದುಕಿ ಕದಲದ್ದನ್ನು ನೋಡಿ ತಾನಾಗಿ ಸೇರಿಸಿದಳು: "ಮುಗಿದ ತಕ್ಷಣ ನಾನೇ ತಂದುಕೊಡ್ತೀನಿ. ನನ್ನ ಮಾತು."

ಮಳೆಯಿಂದ ಪಂದ್ಯ ನಿಂತು ನಿಂತು ನಡೆಯಿತು. ಅದು ಮುಗಿಯುವ ಮೊದಲೇ ಮಾಚಯ್ಯ ತೀರಿಕೊಂಡ.

"ಈಗಲಾದರೂ ಕೊಟ್ಟುಬಿಡೋಣ ರೀ" ಎಂದಳು ಭಾರ್ಗವಿ.

ಶ್ರೀಕಂಠ ಆ ದಿನ ಗಂಟಲಿನ ಚಿಂತೆ ಬಿಟ್ಟು ಬಾಯಿ ತೆರೆದ. "ಈಗ ಅಲ್ಲಿ ನೋಡೋರು ಯಾರಿದ್ದಾರೆ? ಇದಿಲ್ಲದೆ ನಾನು ಏನು ಹೇಳಲಿ, ಹೇಳು. ನನ್ನ ಕಣ್ಣಿನ ವಿಷಯ ರೇಡಿಯೋದವರಿಗೆ ಗೊತ್ತಾದರೆ ನಾಳೆಯೇ ಬೇರೆಯವರನ್ನು ಕೂರಿಸ್ತಾರೆ."

"ಕನ್ನಡಕ ಹಾಕ್ಕೊಳ್ಳಿ."

ಅವನು ನನ್ನನ್ನು ಮತ್ತೆ ಮೊಳೆಗೆ ತೂಗುಹಾಕಿದ. ಅವಳು ಮತ್ತೆ ಕೇಳಲಿಲ್ಲ. ಕೊಟ್ಟ ಮಾತು ಗೋಡೆಯ ಮೇಲೆ ನನ್ನ ಜೊತೆ ನೇತಾಡುತ್ತಿತ್ತು. ಅವಳು ಕಸ ಗುಡಿಸುವಾಗ ನನ್ನ ಕೆಳಗೆ ತಲೆ ತಗ್ಗಿಸಿಯೇ ಹೋಗುತ್ತಿದ್ದಳು.

ತನ್ನ ಕೊನೆಯ ಬೆಳಿಗ್ಗೆಯೂ ಅವನು ಬಾಗಿಲಲ್ಲಿ ನಿಂತು ಒಂದು ಬೆರಳೆತ್ತಿದ. ಅವಳು "ಹೋಗಿ ಬನ್ನಿ" ಎಂದಳು. ದಿನವೂ ಹೇಳುವಂತೆಯೇ ಹೇಳಿದಳು. ಹೇಳಿದರೆ ಬರುತ್ತಾರೆಂದೇನೂ ಇಲ್ಲ. ಪಂದ್ಯ ಮಧ್ಯಾಹ್ನವೇ ಮುಗಿದು, ಅವನು ನಂಜನಗೂಡಿಗೆ ಸನ್ಮಾನಕ್ಕೆ ಹೋದ. ಹೊದಿಸಿದ ಶಾಲು ಹೆಗಲ ಮೇಲಿತ್ತು, ನಾನು ಎದೆಯ ಮೇಲಿದ್ದೆ. ವಾಪಸು ಬರುವಾಗ ಮುಸ್ಸಂಜೆಯಲ್ಲಿ ರಸ್ತೆಯ ಬದಿ ದೀಪವಿಲ್ಲದೆ ನಿಂತಿದ್ದ ಮರಳಿನ ಲಾರಿ ಸ್ಕೂಟರಿನಲ್ಲಿದ್ದ ಅವನಿಗೆ ಕಾಣಲಿಲ್ಲ. ನನ್ನನ್ನು ಎತ್ತಿ ಕಣ್ಣಿಗಿಟ್ಟಿದ್ದರೆ ಕಾಣುತ್ತಿತ್ತು. ಸ್ಕೂಟರ್ ಓಡಿಸುವವನು ದುರ್ಬೀನು ಹಿಡಿಯಲಾರ. ಕನ್ನಡಕ ಹಾಕಬಹುದಿತ್ತು.

ಸ್ಮಶಾನದಲ್ಲಿ ಸಾವಿರ ಜನ ಒಟ್ಟಿಗೆ "ಹೋಗಿ ಬನ್ನಿ ಶ್ರೀಕಂಠ" ಎಂದು ಕೂಗಿದರಂತೆ. ಭಾರ್ಗವಿ ಅಲ್ಲಿ ಇರಲಿಲ್ಲ. ಹೆಂಗಸರು ಹೋಗುವಂತಿಲ್ಲ. ಮನೆಗೆ ಬಂದವರೆಲ್ಲ ಅವಳಿಗೆ ಅವನ ದನಿಯ ಬಗ್ಗೆ ಹೇಳಿದರು, ಅವಳು ಕೇಳಿಯೇ ಇಲ್ಲವೇನೋ ಎಂಬಂತೆ. ಒಂದು ರೀತಿಯಲ್ಲಿ ಅದು ನಿಜವೇ. ಪುರೋಹಿತರು ದರ್ಭೆ ಬಿಚ್ಚಿಸಿ, "ಇನ್ನು ಅವರಿಗೆ ಯಾವ ಋಣವೂ ಉಳಿಯಲಿಲ್ಲ" ಎಂದರು. ಅವಳು ನನ್ನ ಕಡೆ ನೋಡಿದಳು.

ತಟ್ಟೆ ಬಿದ್ದ ಬೆಳಿಗ್ಗೆ ಅವಳು ನನ್ನನ್ನು ಒರೆಸುತ್ತಿರುವಾಗಲೇ ಅಭಿಮಾನಿ ಬಳಗದ ಅಧ್ಯಕ್ಷ, ಹೋಟೆಲಿನ ಗುರುಮಲ್ಲಪ್ಪ ಬಂದ. ಜೊತೆಯಲ್ಲಿ ಅಳತೆ ಪಟ್ಟಿ ಹಿಡಿದ ಬಡಗಿ.

"ತಾಯಿ, ಕ್ಲಬ್ಬಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸ್ತಾ ಇದ್ದೀವಿ. ದುರ್ಬೀನಿನ ಅಳತೆ ತಗೊಂಡು ಹೋಗವಾ ಅಂತ ಬಂದೋ. ಕೆಳಗೆ ಹಿತ್ತಾಳೆ ಅಕ್ಷರದಲ್ಲಿ 'ಹದ್ದಿನ ಕಣ್ಣಿನ ಶ್ರೀಕಂಠ' ಅಂತ ಹಾಕಿಸ್ತೀವಿ."

"ಹದ್ದಿನ ಕಣ್ಣು" ಎಂದಳು ಭಾರ್ಗವಿ. ನಗಲಿಲ್ಲ. "ಇದು ನಮ್ಮದಲ್ಲ."

"ಅದ್ಯಾಕವ್ವಾ ಹಂಗಂತೀರಿ? ಮೈಸೂರಿಗೆ ಮೈಸೂರೇ ಇದನ್ನ ಅವರ ಕೊರಳಲ್ಲಿ ನೋಡ್ಯದೆ!"

ಅವಳ ಕೈ ತನ್ನ ಬೋಳು ಕೊರಳಿಗೆ ಹೋಯಿತು. "ಕೊರಳಲ್ಲಿದ್ದದ್ದೆಲ್ಲ ಸ್ವಂತದ್ದಲ್ಲ. ಈ ಎರಡು ವಾರದಲ್ಲಿ ನನಗೆ ಗೊತ್ತಾಗಿದೆ."

ಗುರುಮಲ್ಲಪ್ಪ ಬಡಗಿಯ ಮುಖ ನೋಡಿದ. ಬಡಗಿ ಅಳತೆ ಪಟ್ಟಿ ಮಡಚಿದ. ಸಾವಿನ ಮನೆಯಲ್ಲಿ 'ಬರ್ತೀವಿ' ಅನ್ನಬಾರದೆಂದು ಇಬ್ಬರೂ ಸುಮ್ಮನೆ ಹೊರಟುಹೋದರು.

ಅವಳು ನನ್ನನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಇಟ್ಟಿಗೆಗೂಡಿಗೆ ನಡೆದಳು. ಗೇಟಿನ ಹೊರಗೇ ನಿಂತಳು. ಗಂಡ ಸತ್ತವಳು ಇಷ್ಟು ಬೇಗ ಯಾರ ಮನೆಗೂ ಹೋಗಬಾರದು, ಅದು ಅವಳಿಗೆ ಗೊತ್ತಿತ್ತು.

ಮುದ್ದವ್ವ ಮೇಲಿನಿಂದ ನೋಡಿ ಕೂಗಿದಳು. "ಅಲ್ಲೇ ಯಾಕೆ ನಿಂತೆ? ಒಳಗೆ ಬಾ. ಈ ಮನೆಯಲ್ಲಿ ಕೆಡೋಕೆ ಇನ್ನೇನೂ ಉಳಿದಿಲ್ಲ."

ಮಂಚ ಇನ್ನೂ ಕಿಟಕಿಯ ಪಕ್ಕದಲ್ಲೇ ಇತ್ತು. ಭಾರ್ಗವಿ ನನ್ನನ್ನು ಚೀಲದಿಂದ ತೆಗೆದು ಅದರ ಮೇಲಿಟ್ಟಳು.

"ಒಂದು ಕಣ್ಣು ಒಡೆದಿದೆ. ತಡವೂ ಆಯಿತು. ಈಗ ನೋಡೋರು ಯಾರೂ ಇಲ್ಲ ಅಂತ ಗೊತ್ತು, ಆದರೂ..."

"ಯಾಕೆ, ನಾನು ಸತ್ತಿದ್ದೀನಾ?" ಎಂದಳು ಮುದ್ದವ್ವ.

ಭಾರ್ಗವಿ ತಲೆ ಎತ್ತಿದಳು. ಅವಳಿಗಾಗಲಿ, ಅವಳ ಗಂಡನಿಗಾಗಲಿ, ಸುಳ್ಳೇಕೆ, ನನಗಾಗಲಿ ಅದು ಹೊಳೆದೇ ಇರಲಿಲ್ಲ.

ಮುದ್ದವ್ವ ನನ್ನ ಒಡೆದ ಗಾಜಿನ ಮೇಲೆ ಉಗುರು ಆಡಿಸಿದಳು. "ನಿನ್ನ ಗಂಡನನ್ನು ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಬರಲ್ಲ. ಕೇಳಬೇಡ. ನಮ್ಮವರು ಕೊನೇ ದಿನದವರೆಗೂ ಅವನ ರೇಡಿಯೋ ಕೇಳಿದರು. ನಾನು ಹೊಟ್ಟೆಯುರಿಗೆ ಆಫ್ ಮಾಡ್ತಿದ್ದೆ. ಅವರು ಮತ್ತೆ ಹಾಕು ಅನ್ನೋರು. 'ನನ್ನ ಕಣ್ಣಿಟ್ಕೊಂಡು ಹೆಂಗೆ ಮಾತಾಡ್ತಾನೆ ನೋಡು ಕಳ್ಳ' ಅಂತ ಬೈಕೊಂಡು ಬೈಕೊಂಡೇ ಕೇಳೋರು."

"ನಾನೂ ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಇವತ್ತು ತಂದೆ. ಅಷ್ಟೇ."

ಭಾರ್ಗವಿ ಖಾಲಿ ಚೀಲ ಮಡಚಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು. ಏನೋ ಹೇಳಬೇಕಿತ್ತು. 'ಹೋಗಿ ಬರ್ತೀನಿ' ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಕೈ ತಾನಾಗಿ ಮೇಲೆ ಹೋಗಿ ಒಂದು ಬೆರಳು ಎತ್ತಿತು. ಅದು ಅವನ ಬೆರಳೇ.

ಮುದ್ದವ್ವ ಆ ಬೆರಳನ್ನು ದಿಟ್ಟಿಸಿ ನೋಡಿದಳು. ನನ್ನನ್ನು ಎತ್ತಿ ಎದೆಗವಚಿಕೊಂಡಳು.

"ಏನೇ? ಇನ್ನೂ ಒಂದು ಮ್ಯಾಚಾ?"

ಮೊದಲು ಭಾರ್ಗವಿಯ ಬಾಯಿಂದ ಬಂದದ್ದು ನಗುವೇ. ಬಾಗಿಲು ಹಿಡಿದುಕೊಂಡು ನಕ್ಕಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ಅವಳಿಗೆ ಇಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮುದ್ದವ್ವ ಅವಳನ್ನು ಸುಮ್ಮನಿರಿಸಲಿಲ್ಲ. ಬೀದಿಗೆ ಕೇಳಿಸುವಷ್ಟು ಅಳಲು ಬಿಟ್ಟಳು.

ಈಗ ನಾನು ಕಿಟಕಿಯ ಮೊಳೆಗೆ ತೂಗುಬಿದ್ದಿದ್ದೇನೆ. ಬೆಳಿಗ್ಗೆ ಮುದ್ದವ್ವ ಒಂದು ಕಣ್ಣು ಮುಚ್ಚಿ, ನನ್ನ ಉಳಿದ ಒಂದು ಕಣ್ಣಿನಲ್ಲಿ ಕುದುರೆಗಳನ್ನು ನೋಡುತ್ತಾಳೆ. ಅವು ದೂರದಿಂದ ಹತ್ತಿರಕ್ಕೆ ಬರುತ್ತವೆ, ಮತ್ತೆ ಹೋಗುತ್ತವೆ. ಅವಳು ಯಾವುದಕ್ಕೂ ಏನೂ ಹೇಳುವುದಿಲ್ಲ.