ಲಿಂಬೆಯ ಬೂಷ್ಟು

ಬೀಳಗಿ ತಾಲೂಕಿನ ಹೊಳೆದಂಡೆಯಲ್ಲಿ ಶಂಕರೆಪ್ಪನವರ ಲಿಂಬೆತೋಟವಿತ್ತು. ಆಲಮಟ್ಟಿ ಹಿನ್ನೀರು ಏರುವ ಮುಂಚಿನ ಕೊನೆಯ ಫಸಲಿನಲ್ಲಿ ಮಗಳು ಸೌಂದರ್ಯಾ ಗಿಡದ ಬುಡದಲ್ಲಿ ಕೊಳೆತು ಬಿದ್ದಿದ್ದ ಹಣ್ಣುಗಳನ್ನು ಆರಿಸಿ ಜಮಖಂಡಿಗೆ ಒಯ್ದಳು. ಲಿಂಬೆಸಿಪ್ಪೆಯ ಎಣ್ಣೆಯನ್ನು ಬೂಷ್ಟಿನಿಂದ ಬೇರೆ ಸುಗಂಧವಾಗಿಸುವ ಅವಳ ಸಂಶೋಧನೆ ಅಲ್ಲಿಯ ಕಾಲೇಜಿನಲ್ಲಿ ನಡೆದಿತ್ತು.

ಹಣ್ಣಿನ ಮೇಲಿನ ಹಸಿರು ಬೂಷ್ಟನ್ನು ಬೆಳೆಸಿ, ಸಾಬೂದಾಣಿಯಂಥ ಲೋಳೆಗುಂಡುಗಳೊಳಗೆ ಹಿಡಿದಿಟ್ಟು, ಹೆಕ್ಸೇನ್ ಎಂಬ ದ್ರಾವಕದಲ್ಲಿ ಸಿಪ್ಪೆಯ ಎಣ್ಣೆಯ ಜೊತೆ ಅಲುಗಾಡಿಸಿದಳು. ಬೇರೆ ಬೂಷ್ಟುಗಳೆಲ್ಲ ಆ ದ್ರಾವಕಕ್ಕೆ ಸತ್ತಿದ್ದವು. ಇದು ಮಾತ್ರ ಗುಂಡಿನೊಳಗೆ ಬದುಕಿತು. ದ್ರಾವಕ ಆರಿದ ಮೇಲೆ ಮೂಸಿದರೆ ಲಿಂಬೆಯ ವಾಸನೆ ಹೋಗಿ ಹೂವಿನ ಪರಿಮಳ ಬಂದಿತ್ತು.

ತೋಟ ಮುಳುಗಿತು. ಶಂಕರೆಪ್ಪ ಪುನರ್ವಸತಿ ಕೇಂದ್ರದ ಮನೆಗೆ ಬಂದರು, ತೋಟದ ಮಾತನ್ನೇ ಬಿಟ್ಟರು.

ಮರುವರ್ಷ ಬೇಸಿಗೆ ರಜೆಯಲ್ಲಿ ಕಾಲೇಜಿನ ಫ್ರಿಜ್ ಕೆಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಸೌಂದರ್ಯಾ ಕೂಡಿಟ್ಟಿದ್ದ ಬೂಷ್ಟೆಲ್ಲ ಸತ್ತುಹೋಗಿತ್ತು. ಮಹಾಲಿಂಗಪುರ, ಮುಧೋಳದ ಸಂತೆಗಳಿಂದ ಕೊಳೆತ ಲಿಂಬೆ ತಂದು ಮತ್ತೆ ಬೆಳೆಸಿದಳು. ಯಾವುದೂ ವಾಸನೆ ಬದಲಿಸಲಿಲ್ಲ. ಕಡೆಗೆ ಅಪ್ಪನನ್ನೇ ಕೇಳಿದಳು.

“ಅಪ್ಪಾ, ಹೊಳಿ ನೀರು ಇಳದೈತಂತ. ನಮ್ಮ ತ್ವಾಟ ಎಲ್ಲಿತ್ತು, ತೋರಸ್ತಿ ಏನು?”

“ಮುಳಿಗಿದ್ದು ಮುಳಿಗಿತು. ಅಲ್ಲೇನೈತಿ?” ಎಂದರು ಶಂಕರೆಪ್ಪ. ಆದರೆ ಬೆಳಿಗ್ಗೆ ತಲೆಗೆ ಪಟಗ ಸುತ್ತಿಕೊಂಡು ಅವಳಿಗಿಂತ ಮೊದಲೇ ಹೊರಟು ನಿಂತಿದ್ದರು.

ಬಿರಿದ ಕೆಸರಿನಲ್ಲಿ ಲಿಂಬೆಗಿಡಗಳ ಕರಿ ಬೊಡ್ಡೆಗಳಷ್ಟೇ ಉಳಿದಿದ್ದವು. ಒಂದರ ಮೇಲೆ ಕೈಯಿಟ್ಟು ಶಂಕರೆಪ್ಪ, “ಇದು ನಿಮ್ಮವ್ವ ಹಚ್ಚಿದ್ದು” ಎಂದರು. ಹೆಂಡತಿ ಇಂದ್ರವ್ವ ತೀರಿಕೊಂಡ ಮೇಲೆ ಅವರು ಅವಳ ಸುದ್ದಿ ಎತ್ತಿದ್ದು ಅಪರೂಪ. ಹಳೆಯ ಬೂಷ್ಟು ಮಣ್ಣಿನಲ್ಲಿ ಉಳಿದಿರಬಹುದೆಂದು ಸೌಂದರ್ಯಾ ಅದರ ಬುಡದ ಮಣ್ಣು ತುಂಬಿಕೊಂಡಳು.

ಆ ಮಣ್ಣಿನಿಂದಲೂ ಒಂದು ಹಸಿರು ಬೂಷ್ಟು ಎದ್ದಿತು. ಆಸೆಯಿಂದ ಮತ್ತೆ ಲೋಳೆಗುಂಡು ಕಟ್ಟಿದಳು. ಫಲಿತಾಂಶದ ದಿನ ಶಂಕರೆಪ್ಪನವರೂ ಪ್ರಯೋಗಾಲಯಕ್ಕೆ ಬಂದರು. ಎಣ್ಣೆ ಹಚ್ಚಿದ ಕಾಗದದ ಚೂರನ್ನು ಮೂಸಿ ಸೌಂದರ್ಯಾ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. ಬರೀ ಲಿಂಬೆ.

ಶಂಕರೆಪ್ಪ ಅದನ್ನು ಇಸಿದುಕೊಂಡು ಮೂಗಿಗೆ ಹಿಡಿದರು. ಬಹಳ ಹೊತ್ತು ತೆಗೆಯಲಿಲ್ಲ.

“ನಮ್ಮ ತ್ವಾಟದ್ದ ವಾಸನಿ ಐತಲ್ಲ ಯವ್ವಾ. ಯಾಕ ಅಳಾಕತ್ತಿ?”

“ಅದು ಬದಲಾಗಬೇಕಿತ್ತಪ್ಪಾ.”

ಅವರಿಗೆ ಅರ್ಥವಾಗಲಿಲ್ಲ. “ಆ ಶೀಸೆದಾಗಿಂದು ಒಂದೀಟ ನನಗ ಕೊಡು” ಎಂದರು.

“ಅದರಾಗ ಔಷಧ ಕಲತೈತಿ. ಬೆಂಕಿ ತಗುಲಿದ್ರ ಹತ್ತಿಕೊಂಡ ಉರಿತೈತಿ. ಮನ್ಯಾಗ ಇಡಾಕ ಬರೂದಿಲ್ಲಪ್ಪಾ.”

ಆ ವಾರ ಕಳೆಯುವುದರೊಳಗೆ ಸೌಂದರ್ಯಾ ಸಂಶೋಧನೆಯ ವಿಷಯವನ್ನೇ ಬದಲಿಸಲಿದ್ದಳು. ಆವತ್ತು ಅಪ್ಪನ ಎದುರಿಗೇ ಶೀಸೆಗಳನ್ನು ಒಂದೊಂದಾಗಿ ತ್ಯಾಜ್ಯದ ಕ್ಯಾನಿಗೆ ಸುರಿದಳು. ಶಂಕರೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೋಣೆಯ ತುಂಬ ಲಿಂಬೆಯ ವಾಸನೆ ಎದ್ದಿತು. ಅವಳು ಹೋಗಿ ಕಿಟಕಿ ತೆರೆದಳು.