ಚಿಕ್ಕಬಾಣಾವರದಲ್ಲಿ ಕ್ರಾಸಿಂಗ್

ತಪ್ಪು ನನ್ನದಲ್ಲ. ಹುಬ್ಬಳ್ಳಿಯಿಂದ ಬಂದ ರೈಲು ಎದುರು ರೈಲಿನ ಕ್ರಾಸಿಂಗಿಗೆಂದು ಚಿಕ್ಕಬಾಣಾವರದಲ್ಲಿ ನಿಲ್ಲದೆ ಸೀದಾ ಯಶವಂತಪುರಕ್ಕೆ ಹೋಗಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅಲ್ಲಿ ನನ್ನಕ್ಕ ಸುಗ್ರಾ ಆಪಾ ಕಾಯುತ್ತಿದ್ದಳು. ಅಮ್ಮಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ನನ್ನ ಮನೆ ಅಂತ ಉಳಿದದ್ದು ಅವಳದೊಂದೇ. ಎಂಬತ್ತೊಂದನೇ ಇಸವಿಯಲ್ಲಿ ಬಂದಾಗ ಮೊದಲ ಊಟ ಗೆಳೆಯ ಲಕ್ಕಣ್ಣನ ಮನೆಯಲ್ಲಿ ಮಾಡಿದೆನೆಂದು ಆಪಾ ಒಂದು ವರ್ಷ ಮಾತು ಬಿಟ್ಟಿದ್ದಳು. ಈ ಸಲ ಮೊದಲೇ ಹೇಳಿಕಳಿಸಿದ್ದಳು: "ಮೊದಲ ತುತ್ತು ನನ್ನ ಮನೇಲಿ. ಇಲ್ಲಾಂದ್ರೆ ನನ್ನ ಹೊಸಿಲು ತುಳೀಬೇಡ."

ರೈಲು ನಿಂತಿತು. ಕಿಟಕಿಯಾಚೆ ಅದೇ ಲಕ್ಕಣ್ಣ, ಪೇಟೆಗೆ ಕಳಿಸುವ ಅವರೆಕಾಯಿ ಮೂಟೆಗೆ ಒರಗಿ ಬೀಡಿ ಸೇದುತ್ತಿದ್ದ.

"ಲೇ ಮುಜಫ್ಫರ್! ಇಳಿಯೋ! ಕ್ರಾಸಿಂಗ್ ಕಣೋ, ಅರ್ಧ ಗಂಟೆ ಅಲ್ಲಾಡಲ್ಲ. ಅವ್ವಂಗೆ ಮುಖ ತೋರ್ಸಿ ಬರೀವಂತೆ."

"ಟ್ರಂಕು?"

"ಅದೇನ್ ಎದ್ದು ಓಡೋಗ್ತದಾ?"

ಹೋದೆ. ಸ್ಟೇಷನ್ನಿನ ಹಿಂದೆಯೇ ಅವನ ಮನೆ. ತಾಯಿ ಮುನಿವೆಂಕಟಮ್ಮ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. "ಯಾಕಪ್ಪಾ ಇಂಗ್ ಒಣಗೋಗಿದ್ದೀಯ?" ಅನ್ನುತ್ತಲೇ ತಟ್ಟೆಗೆ ಬಿಸಿ ಮುದ್ದೆ ಬಿತ್ತು, ಅವರೆಕಾಳು ಸಾರೂ ಬಿತ್ತು.

"ಬೇಡವ್ವಾ, ಆಪಾ ಕೊಂದ್ಹಾಕ್ತಾಳೆ."

"ತಟ್ಟೆ ಮುಂದೆ ಕೂತು ಬೇಡ ಅನ್ಬಾರ್ದು. ಉಣ್ಣು."

ಜನವರಿಯ ಅವರೆ, ಸೊಗಡು ಮೂಗಿಗೆ ಹೊಡೆಯಿತು. ಹುಬ್ಬಳ್ಳಿಯ ಜೋಳದ ರೊಟ್ಟಿ ಅಗಿದು ಅಗಿದು ದವಡೆ ಸವೆಸಿಕೊಂಡವನು ನಾನು, ಇನ್ನೇನು ಮಾಡಲಿ? ಎರಡನೇ ಮುದ್ದೆಯ ಅರ್ಧದಲ್ಲಿದ್ದಾಗ ರೈಲು ಕೂಗಿತು. ಬಿದ್ದೆವೋ ಎದ್ದೆವೋ ಎಂದು ಓಡಿದೆವು. ಕೊನೆಯ ಬೋಗಿಯ ಬೆನ್ನಷ್ಟೇ ಕಂಡಿತು.

"ಅರ್ಧ ಗಂಟೆ ಅಂದ್ಯಲ್ಲೋ ಕತ್ತೆ!"

"ಮುದ್ದೆ ನಿಧಾನ ನುಂಗಿದ್ದು ನೀನು."

ಮುಂದಿನ ಪ್ಯಾಸೆಂಜರಿನಲ್ಲಿ ಅವರೆಕಾಯಿ ಮೂಟೆಗಳ ನಡುವೆ ನನ್ನನ್ನೂ ತುರುಕಿದ. ಟ್ರಂಕು ಹೋದದ್ದು ಹೋಯಿತು, ಊಟದ ವಿಷಯ ಆಪಾಗೆ ಗೊತ್ತಾದರೆ ನಾನೂ ಹೋದೆ. ದಾರಿಯುದ್ದಕ್ಕೂ ಸುಳ್ಳು ಹೊಸೆದೆ.

ಯಶವಂತಪುರದಲ್ಲಿ ಆಪಾ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬುರ್ಖಾ ಹರಡಿಕೊಂಡು ಕೂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ. ತುಮಕೂರಿನಲ್ಲಿ ಕಳ್ಳ ಟ್ರಂಕು ಎತ್ತಿಕೊಂಡು ಇಳಿದ, ನಾನು ಅಟ್ಟಿಸಿಕೊಂಡು ಹೋದೆ, ರೈಲು ತಪ್ಪಿತು. ಕಳ್ಳನ ಮೀಸೆಯನ್ನೂ ಬಿಡದೆ ವರ್ಣಿಸಿದೆ.

ಆಪಾ ಮೆಲ್ಲಗೆ ಎದ್ದು ನಿಂತಳು. ಅವಳು ಕೂತಿದ್ದದ್ದು ನನ್ನ ಟ್ರಂಕಿನ ಮೇಲೆ. ಬಿಳಿ ಪೇಂಟಿನಲ್ಲಿ ನನ್ನ ಹೆಸರು ಫಳಫಳ ಹೊಳೆಯುತ್ತಿತ್ತು.

"ಬೋಗಿ ಬೋಗಿ ಹುಡುಕಿದೆ. ಟ್ರಂಕಿದೆ, ನೀನಿಲ್ಲ. ಬಾಗಿಲಿಂದ ಬಿದ್ದೆ ಅಂದ್ಕೊಂಡೆ ಕಣೋ. ನಿನ್ನ ಭಾವ ಹಳಿ ಉದ್ದಕ್ಕೂ ನೋಡ್ಕೊಂಡು ನಡ್ಕೊಂಡೇ ಹೋಗಿದಾರೆ!"

ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ನನ್ನ ಕೈ ಎಳೆದು ಮೂಸಿದಳು.

"ಎಷ್ಟು ಮುದ್ದೆ?"

"ಒಂದೂವರೆ."

ಟ್ರಂಕಿನ ಮೇಲೆ ಕುಸಿದು ಕೂತು ಗಳಗಳನೆ ಅತ್ತಳು. "ಮೊದಲ ತುತ್ತು ಎಲ್ಲಾದ್ರೂ ತಿನ್ನು, ಹಾಳಾದೋನೇ. ಜೀವಂತ ಬಾ, ಸಾಕು."

ನನ್ನ ಕಣ್ಣೂ ತುಂಬಿತು. ಮನೆಗೆ ಹೋಗಿ ಅವಳ ಬಿರಿಯಾನಿಯನ್ನು ಮೂರು ತಟ್ಟೆ ತಿಂದೆ. ಹೊಟ್ಟೆ ಬಿರಿಯುತ್ತಿತ್ತು, ಆದರೂ ಬೇಡ ಅನ್ನಲಿಲ್ಲ.

ಸಂಜೆ ಭಾವ ಚಿಕ್ಕಬಾಣಾವರದಿಂದ ಬಂದರು. ನನ್ನನ್ನು ನೋಡಿ ಅಲ್ಲಾಗೆ ಶುಕ್ರ್ ಹೇಳಿ ಗೋಡೆಗೆ ಒರಗಿ ಕೂತರು. ಆಪಾ ತಟ್ಟೆ ತಂದಿಟ್ಟಳು.

"ಯಾಕೋ ಹಸಿವಿಲ್ಲ ಕಣೇ" ಅಂದರು.

ಆಪಾ ಹತ್ತಿರ ಹೋಗಿ ಅವರ ಕೈ ಮೂಸಿ ನೋಡಿದಳು.